ಪೂಜೆಯ ಹೊತ್ತಿನ ಇಂಗ್ಲಿಷ್

ನಿರ್ಮಲಮ್ಮನಿಗೆ ಚಿಲಕವಿರುವ ಕೋಣೆ ಇರಲಿಲ್ಲ. ಇದ್ದದ್ದು ಪಡಸಾಲೆಯ ಮೂಲೆಯಲ್ಲಿ ಒಂದು ಮಣೆ, ಎಡ ಅಂಗೈಯಲ್ಲಿ ಇಷ್ಟಲಿಂಗ, ತೊಡೆಯ ಮೇಲೆ ಸೆರಗಿನ ಮರೆಯಲ್ಲಿ ಇಂಗ್ಲಿಷ್ ಗೈಡು — ವಿಭೂತಿ ಉದುರಿ ಪುಟ ಬೆಳ್ಳಗಾಗಿದೆ, ಊದಿದರೆ ಸದ್ದಾಗುತ್ತದೆ, ಇಂಟ್ರೂಸಿವ್, ಅಂದರೆ ಕರೆಯದೆ ಒಳಬರುವ, ಬೇಡವೆಂದರೂ ಮೇಲೆ ಬೀಳುವ, ಮನುಷ್ಯರಿಗೆ ಹೇಳಬಹುದು, ಪ್ರಶ್ನೆಗೆ ಹೇಳಬಹುದು, ಸದ್ದಿಗೂ ಸಲ್ಲುತ್ತದೆ, ಕಲ್ಲಿನ ಬಿರುಕಿಗೆ ಕರಗಿ ನುಗ್ಗಿದ ಇನ್ನೊಂದು ಕಲ್ಲಿಗೂ ಇದೇ ಪದವಂತೆ, ಕಲ್ಲಿಗೆ ಯಾಕೋ, ಇರಲಿ, ಸ್ವಂತ ವಾಕ್ಯ ರಚಿಸಿ ಎಂದು ಕೇಳುತ್ತಾರೆ, ಹರಿಹರದಲ್ಲಿ ಮದುವೆಗೆ ಮುಂಚೆ ಎಸ್ಸೆಸ್ಸೆಲ್ಸಿ ಬರೆದಾಗ ಹೋದದ್ದು ಇಂಗ್ಲಿಷ್ ಒಂದೇ, ಈ ಸಲ ಪಾಸಾದರೆ ಟೀಚರ್ ಟ್ರೈನಿಂಗಿಗೆ ಅರ್ಜಿ, ಮುಂದಿನ ವರ್ಷ ವಯಸ್ಸು ಮೀರುತ್ತದೆ, ಗಂಡ ಕರಿಬಸವರಾಜ ಕಾರ್ಖಾನೆಗೆ ಹೊರಡುವಾಗ ಚಪ್ಪಲಿ ಮೆಟ್ಟುತ್ತ ಹೇಳಿದ್ದು, ಓದ್ಕೋ, ಅವ್ವಗೆ ಮಾತ್ರ ಗೊತ್ತಾಗಬಾರ್ದು, ಗೊತ್ತಾದರೆ ಗೈಡು ನೀರೊಲೆಗೆ. ಅಂಗೈಯಲ್ಲಿ ಲಿಂಗವಿದ್ದವರನ್ನು ಈ ಮನೆಯಲ್ಲಿ ಯಾರೂ ಮಾತಾಡಿಸುವುದಿಲ್ಲ, ಹಾಲು ಉಕ್ಕಿದರೂ ಕರೆಯುವುದಿಲ್ಲ, ಶಿವನಿಗೆ ಐದು ನಿಮಿಷ, ಮಿಕ್ಕದ್ದೆಲ್ಲ ಇಂಗ್ಲಿಷಿಗೆ, ಶಿವ ತಕರಾರು ಮಾಡಿಲ್ಲ, ತಪ್ಪು ತನ್ನದೇ, ಪೂಜೆ ಎಳೆದಷ್ಟೂ ಅತ್ತೆ ಅಕ್ಕನಾಗಮ್ಮ ಓಣಿಯಲ್ಲಿ ಹೊಗಳುತ್ತ ಹೋದರು, ಇಷ್ಟು ಎಳೆಯಬಾರದಿತ್ತು — ಹೊಸಿಲಲ್ಲಿ ಬಳೆ ಸದ್ದು, ಅತ್ತೆಯ ಗಂಟಲು, ಬರ್ರಿ ಕೊಟ್ರವ್ವ, ಕಮಲಕ್ಕ ನೀವೂ ಬರ್ರಿ, ನೋಡ್ರಿ ನಮ್ಮ ಸೊಸೀನ, ಮುಕ್ಕಾಲು ತಾಸು ತಲೆ ಎತ್ತಲ್ಲ, ಪಕ್ಕದ ಮನೆ ಕೊಟ್ರವ್ವ ನಕ್ಕಳು, ನಮ್ಮನೇದೂ ಐತೆ, ಲಿಂಗ ಕೈಯಾಗೆ, ಕಣ್ಣು ಬೀದಿಯಾಗೆ, ಎದುರುಮನೆ ಕಮಲಕ್ಕ, ಏನು ಪುಣ್ಯ ಮಾಡೀರಿ ಅಕ್ಕನಾಗಮ್ಮಾರೇ, ನಾಳೆಯಿಂದ ನಾವೂ ಇಲ್ಲೇ ಕೂಡ್ತೀವಿ, ಇಂಥೋರ ಪಕ್ಕ ಕುಂತ್ರೆ ನಮಗೂ ಮನಸ್ಸು ನಿಂತೀತು, ಅತ್ತೆ, ಅದಕ್ಕೇನ್ರಿ, ದಿನಾ ಬರ್ರಿ, ಮಣೆ ಅದಾವೆ. ಬ್ಯಾಡ ಎನ್ನಲು ಬಾಯಿ ತೆರೆಯುವಂತಿಲ್ಲ, ಪೂಜೆಯಲ್ಲಿದ್ದಾಳೆ, ತೆರೆದರೂ ಏನು ಹೇಳುವುದು, ಕೊಟ್ರವ್ವ ಆಗಲೇ ಕೂತಾಯಿತು, ಅವಳ ಮೊಣಕಾಲು ಒತ್ತಿ ಗೈಡಿನ ಮೂಲೆ ತೊಡೆಗೆ ಚುಚ್ಚುತ್ತಿದೆ, ಇಂಟ್ರೂಸಿವ್‌ಗೆ ಸ್ವಂತ ವಾಕ್ಯ ಸಿಕ್ಕಿತು, ಬರೆಯಲು ಕೈ ಖಾಲಿಯಿಲ್ಲ, ಎಡಗೈಗೆ ಲಿಂಗ, ಬಲಗೈಗೆ ಸೆರಗು, ಸೆರಗನ್ನು ಇನ್ನಷ್ಟು ಎಳೆದುಕೊಂಡು ಸರಿದು ಜಾಗ ಕೊಟ್ಟಳು, ಮತ್ತೆ ಮೊಣಕಾಲು, ಮತ್ತೆ ಆ ಮೂಲೆ, ಪರೀಕ್ಷೆಗೆ ಹತ್ತೊಂಬತ್ತು ದಿನ, ದಿನಕ್ಕೆ ನಲವತ್ತು ನಿಮಿಷ, ಹೋದದ್ದು ಹನ್ನೆರಡು ತಾಸು ನಲವತ್ತು ನಿಮಿಷ.