ಎರಡನೆಯ ಕಿಂಡಿ

ಬೂಟು ಬಿಚ್ಚಿದವನು ಅವುಗಳ ಮೂತಿಯನ್ನು ಬಾಗಿಲ ಕಡೆಗೆ ತಿರುಗಿಸಿ ಇಟ್ಟ, ಹೇಳದೆಯೇ ಬಿಚ್ಚಿದ, ಹೇಳದೆಯೇ ತಿರುಗಿಸಿದ — ಓಡಿಹೋಗುವವರು ಹೀಗೆ ಇಡುತ್ತಾರೆ ಎಂದುಕೊಂಡಳು ಸ್ಮರಾಂದಾ, ಅಥವಾ ಸೈನ್ಯದಲ್ಲಿದ್ದವರು, ಅಥವಾ ಹೆಂಡತಿಯಿಂದ ಬೈಸಿಕೊಂಡು ಪಳಗಿದವರು, ಎಡಗಾಲ ಕಾಲುಚೀಲದಿಂದ ಹೆಬ್ಬೆರಳು ಇಣುಕುತ್ತಿದೆ, ಮೋಸ ಮಾಡಲು ಬಂದವನು ಹೊಸ ಕಾಲುಚೀಲ ಹಾಕಿಕೊಂಡು ಬರುತ್ತಿದ್ದನಲ್ಲವೆ, ಅಥವಾ ತಾನು ಹೀಗೆ ಅಂದುಕೊಳ್ಳಲಿ ಎಂದೇ ತೂತಿನದನ್ನು ಆರಿಸಿಕೊಂಡನೋ. ಕೆಳಗಿನ ಮನೆಯಲ್ಲಿ ಚಳಿಗಾಲಕ್ಕೆಂದು ಕೆಂಪು ದೊಣ್ಣಮೆಣಸಿನಕಾಯಿ ಸುಡುತ್ತಿದ್ದಾರೆ, ಸೆಪ್ಟೆಂಬರ್ ಬಂತೆಂದರೆ ತಿಮಿಶ್ವಾರಾ ಊರಿನ ಈ ಕಟ್ಟಡಕ್ಕೆಲ್ಲ ಅದೇ ಹೊಗೆ, ಕಿಟಕಿ ಹಾಕಬೇಕು, ಹಾಕಿದರೆ ಅಪರಿಚಿತನ ಜೊತೆ ಮುಚ್ಚಿದ ಕೋಣೆ, ಬೇಡ, ತೆರೆದೇ ಇರಲಿ, ಬನ್ನಿ, ಕೂತ್ಕೊಳ್ಳಿ, ಅಲ್ಲಲ್ಲ, ಈ ಕುರ್ಚಿ, ಇಲ್ಲಿಂದ ನನಗೆ ನಿಮ್ಮ ಕೈ ಕಾಣತ್ತೆ. ಬಂದವನು, ಕಾಸಿಯಾನ್, ನಗಲಿಲ್ಲ, ತೋರಿಸಿದ ಕುರ್ಚಿಯಲ್ಲಿ ಕೂತ. ಐವತ್ತನಾಲ್ಕು ವಯಸ್ಸು, ಮೂವತ್ತು ವರ್ಷ ಊರವರ ಮದುವೆ, ಜ್ಞಾನಸ್ನಾನ, ಶವಯಾತ್ರೆಗಳ ಫೋಟೋ ತೆಗೆದವನು, ಒತಿಲಿಯಾ ಕಳಿಸಿದವನು. ತನ್ನಂತೆಯೇ ಮೈಯ ಚಿತ್ರ ಮಾರುವ ಕಸುಬಿನ ಗೆಳತಿ ಒತಿಲಿಯಾ, ಲೇ, ಹಸುವಿನಂಥ ಮನುಷ್ಯ ಕಣೇ, ನನ್ನನ್ನ ನೋಡ್ದಾಗ ಬಿಸಿಲು ಬಿದ್ದಿರೋ ಗೋಡೆನ ನೋಡಿದ ಹಾಗೆ ನೋಡ್ದ, ಒಂಚೂರು ಬೇಜಾರೇ ಆಯ್ತು ಅಂತಿಟ್ಕೋ — ಎಂದು ಫೋನಿನಲ್ಲಿ ನಕ್ಕಿದ್ದಳು, ಆದರೆ ಇವನಿಗಿಂತ ಮುಂಚಿನ ಫೋಟೋಗ್ರಾಫರ್ ಲಿವಿಯುವನ್ನು ಕಳಿಸಿದ್ದೂ ಇವಳೇ ಅಲ್ಲವೆ, ಅವನು ಬಂಗಾರ ಕಣೇ ಅಂದಿದ್ದೂ ಇದೇ ಬಾಯಿ.

ಆ ಬಂಗಾರ ಏಳು ತಿಂಗಳು ಕೆಲಸ ಮಾಡಿತು. ಸ್ಮರಾಂದಾ ಒಂದೇ ಷರತ್ತು ಹಾಕಿದ್ದಳು, ಮೈ ಎಷ್ಟು ಬೇಕಾದರೂ, ಮುಖ ಮಾತ್ರ ಇಲ್ಲ, ಇಂಟರ್ನೆಟ್ಟಿನಲ್ಲಿ ದುಡ್ಡು ಕೊಟ್ಟು ನೋಡುವವರಿಗೆ ಅವಳು ಕುತ್ತಿಗೆಯವರೆಗಿನ ಮಿರಾಬೆಲಾ, ಕುತ್ತಿಗೆಯಿಂದ ಮೇಲಿನವಳು ಸ್ಮರಾಂದಾ, ಬೆಳಗಿನ ಹೊತ್ತು ಔಷಧಿ ಅಂಗಡಿಯಲ್ಲಿ ಬಿಳಿ ಕೋಟು ಹಾಕಿ ನಿಲ್ಲುವವಳು. ತಪ್ಪಿ ಮುಖ ಬಿದ್ದದ್ದನ್ನೆಲ್ಲ ಅಳಿಸಿದೀನಿ ಅನ್ನುತ್ತಿದ್ದ ಲಿವಿಯು, ತೋರಿಸುತ್ತಿದ್ದ ಕೂಡ, ನೋಡು, ಖಾಲಿ, ಖಾಲಿ. ಒಂದು ಮಂಗಳವಾರ ಕೆಮ್ಮಿನ ಔಷಧಿ ಕೇಳಿದ ಗಿರಾಕಿ, ಬೂದು ಟೋಪಿ, ಒಳ್ಳೆಯ ಮನೆಯವನಂತೆ ಕಾಣುತ್ತಿದ್ದ, ಬಾಟಲಿ ತೆಗೆದುಕೊಂಡು ಕೌಂಟರಿನ ಮೇಲೆ ಬಾಗಿ ಮೆಲ್ಲಗೆ, ಥ್ಯಾಂಕ್ಸ್ ಮಿರಾಬೆಲಾ, ಅಂದ — ಅಷ್ಟೇ ಅಂದದ್ದು, ಅಷ್ಟಕ್ಕೇ ತಿಳಿಯಿತು, ಲಿವಿಯು ಅಳಿಸಿದೀನಿ ಅಂದ ಮುಖ ಹೊರಗೆ ಹೋಗಿದೆ, ಆ ಬಿಳಿ ಕೋಟು ಇನ್ನೂ ಬೀರುವಿನಲ್ಲಿದೆ, ಮತ್ತೆ ಹಾಕಿಕೊಳ್ಳಲಿಲ್ಲ. ಎದುರಿನ ಕುರ್ಚಿಯಲ್ಲಿ ಕಾಸಿಯಾನ್ ಏನೋ ಹೇಳುತ್ತಿದ್ದಾನೆ. ನೋಡಿ ಮೇಡಂ, ನಂದೂ ಷರತ್ತಿದೆ, ನನ್ನ ಹೆಸರು ಎಲ್ಲೂ ಬರಬಾರ್ದು, ನನ್ನ ಹೆಂಡತಿ ಚರ್ಚಿನಲ್ಲಿ ಹಾಡ್ತಾಳೆ, ಪಾದ್ರಿಗೆ ಗೊತ್ತಾದ್ರೆ ಅವಳನ್ನ ಹಿಂದಿನ ಸಾಲಿಗೆ ತಳ್ತಾರೆ, ನೀವು ಬಾಯಿ ಬಿಡಲ್ಲ ಅಂತ ನಾನು ಹೇಗೆ ನಂಬ್ಲಿ? ಅವಳಿಗೆ ನಗು ಬಂತು, ತಡೆದಳು. ತನ್ನನ್ನೂ ಒಬ್ಬರು ಅನುಮಾನಿಸಬಹುದೆಂದು ಹೊಳೆದೇ ಇರಲಿಲ್ಲ, ಕಳೆದುಕೊಳ್ಳುವುದಕ್ಕೆ ಏನಾದರೂ ಇರುವವನನ್ನು ನಂಬಬಹುದೇನೋ, ಲಿವಿಯುಗೆ ಏನೂ ಇರಲಿಲ್ಲ — ಆದರೆ ಹೆಂಡತಿ, ಚರ್ಚು, ಹಾಡು, ಕಟ್ಟುಕತೆಯಾದರೆ ಇದಕ್ಕಿಂತ ಚೆನ್ನಾಗಿ ಕಟ್ಟಲು ಸಾಧ್ಯವೆ.

ಇವತ್ತು ಪರೀಕ್ಷೆ ಅಷ್ಟೇ, ಅಂಗಿ ಬಿಚ್ಚಲ್ಲ, ಅಂದಳು. ಬೇಡ, ಬೆಳಕು ನೋಡೋಣ, ಅಂದ. ಕಿಟಕಿಯ ಹತ್ತಿರ ನಿಲ್ಲಿಸಿದ, ಮುಟ್ಟಲಿಲ್ಲ, ಭುಜ ಒಂಚೂರು ಕೆಳಗೆ, ಹಾಂ, ಉಸಿರು ಬಿಡಿ, ಫೋಟೋಕ್ಕೆ ಅಂತ ಯಾಕೆ ಉಸಿರು ಹಿಡೀತೀರ, ಡಾಕ್ಟರ್ ಹತ್ರ ಬಂದಿದೀರಾ? — ಆಗ ನಕ್ಕುಬಿಟ್ಟಳು, ನಗುತ್ತಾ ತಿರುಗಿದಳು, ಕ್ಯಾಮೆರಾ ಎರಡು ಸಲ ಸದ್ದು ಮಾಡಿತು, ಅಯ್ಯೋ ಮುಖ ಬಂತು, ಆಮೇಲೆ ಅಳಿಸಿಬಿಡಿ, ಅಂದ ಅವನೇ. ಅಷ್ಟರಲ್ಲಿ ಒಲೆಯ ಮೇಲಿಟ್ಟಿದ್ದ ಕಾಫಿ ಉಕ್ಕಿ ಸೀದ ವಾಸನೆ, ಅಡುಗೆಮನೆಗೆ ಓಡಿದಳು, ಒರೆಸಿದಳು, ಬೆರಳು ಸುಟ್ಟುಕೊಂಡಳು, ಎರಡು ನಿಮಿಷ, ಹೆಚ್ಚೆಂದರೆ ಮೂರು. ವಾಪಸು ಬಂದಾಗ ಅವನು ಅದೇ ಕುರ್ಚಿಯಲ್ಲಿದ್ದಾನೆ, ಅಂಗೈ ಚಾಚಿದ್ದಾನೆ, ಅಂಗೈ ಮೇಲೆ ಅಂಚೆಚೀಟಿಯಷ್ಟು ಕಪ್ಪು ಮೆಮೊರಿ ಕಾರ್ಡು, ತಗೊಳ್ಳಿ, ನಿಮ್ದು ನಿಮ್ಮ ಹತ್ರಾನೇ ಇರ್ಲಿ. ಕೇಳದೆಯೇ ಕೊಟ್ಟ. ಯಾಕೆ ಕೇಳದೆಯೇ ಕೊಟ್ಟ? ಕಾರ್ಡು ಹೊರತೆಗೆದ ಪುಟ್ಟ ಬಾಗಿಲು ಕ್ಯಾಮೆರಾದ ಪಕ್ಕದಲ್ಲಿ ಇನ್ನೂ ತೆರೆದೇ ಇತ್ತು, ಒಳಗೆ ಒಂದಲ್ಲ, ಎರಡು ಕಿಂಡಿ, ಒಂದರ ಕೆಳಗೊಂದು. ಎರಡನೇದು ಯಾಕೆ? ಮದುವೇಲಿ ಒಂದು ಕಾರ್ಡು ಕೆಟ್ರೆ ಇನ್ನೊಂದಿರ್ಲಿ ಅಂತ ಮೇಡಂ, ಎರಡರಲ್ಲೂ ಒಟ್ಟಿಗೇ ದಾಖಲಾಗತ್ತೆ, ಈಗ ಖಾಲಿ, ನೋಡಿ — ಹತ್ತಿರ ಹಿಡಿದ, ಬಗ್ಗಿ ನೋಡಿದಳು, ಖಾಲಿಯೇ.

ಅವನು ಹೋದ ಮೇಲೆ ಚಿತ್ರಗಳನ್ನು ಲ್ಯಾಪ್‌ಟಾಪಿಗೆ ಹಾಕಿದಳು, ಮೂವತ್ತೊಂದು, ಇಪ್ಪತ್ತೊಂಬತ್ತರಲ್ಲಿ ಒಳ್ಳೆಯ ಬೆಳಕು, ಒಳ್ಳೆಯ ಭುಜ, ಉಳಿದ ಎರಡರಲ್ಲಿ ಒಬ್ಬ ಹೆಂಗಸು ನಗುತ್ತಾ ತಿರುಗುತ್ತಿದ್ದಾಳೆ, ಇವಳು ಯಾರು ಎಂದು ಒಂದು ಕ್ಷಣ ಗುರುತು ಸಿಗಲಿಲ್ಲ, ಅಷ್ಟು ಚೆನ್ನಾಗಿದ್ದಾಳೆ, ಯಾವ ಹುಟ್ಟುಹಬ್ಬದಲ್ಲೂ ಯಾರೂ ತನ್ನನ್ನು ಹೀಗೆ ಹಿಡಿದಿರಲಿಲ್ಲ. ಒಂದನ್ನು ಅಳಿಸಿದಳು. ಇನ್ನೊಂದರ ಮೇಲೆ ಬೆರಳು ನಿಂತಿತು, ಸುಟ್ಟ ಬೆರಳು, ಅದನ್ನೂ ಅಳಿಸಿದಳು, ಸಿಟ್ಟು ಬಂತು, ಲಿವಿಯು ಮೇಲೋ ಇವನ ಮೇಲೋ. ಫೋನೆತ್ತಿ ಬರೆದಳು, ಗುರುವಾರ ಹತ್ತಕ್ಕೆ ಬನ್ನಿ, ಬರಿಗೈಲಿ ಬನ್ನಿ, ಫೋನು ಬಾಗಿಲಲ್ಲೇ ಕೊಡಬೇಕು, ಕ್ಯಾಮೆರಾ ನಾನೇ ತರ್ತೀನಿ, ಇನ್ಮೇಲೆ ಹಾಗೇ. ಸಿಟ್ಟಾಗುತ್ತಾನೆ, ಆದರೆ ಆಗಲಿ, ಸಿಟ್ಟಾದರೆ ಎಂಥವನೆಂದು ಗೊತ್ತಾಗುತ್ತದೆ. ಉತ್ತರ ತಕ್ಷಣ ಬಂತು, ಆಗ್ಲಿ ಮೇಡಂ, ಯಾವ ಕ್ಯಾಮೆರಾ ಅಂತ ಹೇಳಿ, ಅದರ ಬಗ್ಗೆ ಓದ್ಕೊಂಡು ಬರ್ತೀನಿ. ಸಿಟ್ಟಿಲ್ಲ. ಮನೆಗೆ ತಲುಪಿರಲಾರ, ಟ್ರಾಮಿನಲ್ಲಿರಬೇಕು, ಒಳ್ಳೆಯವನು, ಗುರುವಾರದಿಂದ ಭಯವಿಲ್ಲ, ಗುರುವಾರದಿಂದ ಎಲ್ಲ ಅವಳ ಕೈಯಲ್ಲೇ, ಇವತ್ತಿನದು ಮಾತ್ರ, ಆ ಎರಡು ನಿಮಿಷ ಮಾತ್ರ, ಮೂರು — ಬಗ್ಗಿ ನೋಡಿದಾಗ ಆ ಕಿಂಡಿಯ ಅಂಚಿನಲ್ಲಿ ಧೂಳಿತ್ತೆ, ವರ್ಷಗಟ್ಟಲೆ ಬಳಸದ್ದಾದರೆ ಧೂಳಿರುತ್ತದೆ, ಈಗಷ್ಟೇ ಒಳಗಿಂದ ಇನ್ನೊಂದು ಕಾರ್ಡನ್ನು ಎಳೆದುಕೊಂಡದ್ದಾದರೆ ಇರುವುದಿಲ್ಲ, ನೋಡಿದ್ದಾಳೆ, ಇಷ್ಟು ಹತ್ತಿರದಿಂದ ನೋಡಿದ್ದಾಳೆ, ನೆನಪಾಗುತ್ತಿಲ್ಲ, ಕಣ್ಣು ಮುಚ್ಚಿದರೂ ಅದೇ, ತೆರೆದರೂ ಅದೇ, ತೆಳ್ಳಗೆ, ಕಪ್ಪಗೆ, ತುಟಿಯಿಲ್ಲದ ಬಾಯಿಯಂತೆ ಆ ಕಿಂಡಿ, ಖಾಲಿ ಕಿಂಡಿ, ಧೂಳಿತ್ತೆ, ಆ ಕಿಂಡಿ