ಈರಭದ್ರಪ್ಪನವರು ಮುಟ್ಟದ ಕಾಫಿ

ಅಜ್ಜಂಪುರದ ಈರಭದ್ರಪ್ಪನವರು ಯಾವ ಮಾತನ್ನೂ ನೇರವಾಗಿ ಎತ್ತಿದವರಲ್ಲ. ಸುಡುಬಿಸಿಲಿನಲ್ಲೂ ಕಂದುಬಣ್ಣದ ಕೋಟು ತೊಟ್ಟು, ನೆಲಕ್ಕೆ ನೋವಾದೀತೆಂಬಂತೆ ಹೆಜ್ಜೆಯಿಟ್ಟು ಬಂದು, ಮಳೆ, ಬೆಳೆ, ಮನೆಮಂದಿಯ ಆರೋಗ್ಯವನ್ನೆಲ್ಲ ಸಾವಧಾನವಾಗಿ ವಿಚಾರಿಸಿ, ಎದ್ದು ಹೊರಡುವ ಹೊತ್ತಿಗೆ ಬಂದ ಕಾರ್ಯವನ್ನು ಮೆಲ್ಲಗೆ ಉಸುರುತ್ತಿದ್ದರು. ಗಲ್ಫಿನ ಕಟ್ಟಡ ಕಂಪನಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ ಅವರ ಈ ವಿನಯವನ್ನು ಊರೆಲ್ಲ ಹೊಗಳುತ್ತಿತ್ತು. ತರೀಕೆರೆಯ ಊರಾಚೆಗಿನ ಕೇರಿಯ ದುರ್ಗಮ್ಮನಿಗೆ ಮಾತ್ರ ಆ ಮೆಲುದನಿಯೆಂದರೆ ಅನುಮಾನ. ಗಟ್ಟಿಯಾಗಿ ಆಡದ ಮಾತಿನಲ್ಲಿ ಏನೋ ಹುಳುಕಿದೆ ಎಂದೇ ಅವಳ ಎಣಿಕೆ.

ಎಂಬತ್ತೊಂದನೇ ಇಸವಿಯಲ್ಲಿ ಅವಳ ಮಗ ಚೌಡಪ್ಪ ಅದೇ ದೇಶದಲ್ಲಿ ಗಾರೆ ಕೆಲಸ ಮಾಡುವಾಗ ಗೋಡೆಗೆ ಕಟ್ಟಿದ ಸಾರುವೆಯಿಂದ ಬಿದ್ದು ಕಾಲು ಮುರಿದುಕೊಂಡ. ಅಲ್ಲಿನ ಯಜಮಾನ ಪಾಸ್‌ಪೋರ್ಟ್ ಕೊಡದೆ, ಒಪ್ಪಂದ ಮುಗಿಯುವ ತನಕ ಊರಿಗೆ ಬಿಡುವುದಿಲ್ಲವೆಂದು ಕೂತ. ದುರ್ಗಮ್ಮನ ತಮ್ಮ ಮುನಿಯಪ್ಪ, ಪತ್ರಿಕೆಗೆ ಹಾಕಿಸುತ್ತೇನೆ, ಮೆರವಣಿಗೆ ತೆಗೆಯುತ್ತೇನೆ ಎಂದು ಕುದಿಯುತ್ತಿದ್ದ. ರಜೆಗೆಂದು ಬಂದಿದ್ದ ಈರಭದ್ರಪ್ಪನವರು ಸುದ್ದಿ ತಿಳಿದು ತಾವಾಗಿಯೇ ಕೇರಿಗೆ ಬಂದರು, ಅಂಗಳದಲ್ಲೇ ನಿಂತರು, ಮಳೆ ಬೆಳೆ ವಿಚಾರಿಸಿ ಹೊರಡುವಾಗ ಮೆಲ್ಲಗೆ ಹೇಳಿದರು.

"ಪೇಪರ್ನೋರ ಹತ್ರ ಹೋಗ್ಬೇಡ ಕಣಮ್ಮ. ನಾಕು ಜನದ ಮುಂದೆ ಅವನ ಮಾನ ಹೋದ್ರೆ ಇನ್ನೂ ಬಿಗಿ ಹಿಡೀತಾನೆ. ನಾನ್ ಮಾತಾಡ್ತೀನಿ."

ಅವರು ಅತ್ತ ಹೋದದ್ದೇ ದುರ್ಗಮ್ಮ ಸಿಡಿದಳು. "ನಮ್ ಬಾಯಿ ಮುಚ್ಸಾಕ್ ಬಂದಿದ್ರು ಕಣ್ಲಾ ಮುನಿಯಾ! ಇವ್ರೂ ಆ ಯಜಮಾನ್ನೂ ಒಂದೇಯಾ." ಆದರೂ ಬೇರೆ ದಾರಿ ಕಾಣದೆ ತಮ್ಮನನ್ನು ತಡೆದಳು. ಗಲ್ಫಿನಿಂದ ಬಂದವರೊಬ್ಬರು, ರಜೆ ಮುಗಿಸಿ ಮರಳಿದ ಈರಭದ್ರಪ್ಪನವರು ಆ ಯಜಮಾನನ ಮನೆಗೆ ಹೋಗಿ ಮೊಮ್ಮಗನ ಕೆಮ್ಮು, ಒಂಟೆಗಳ ಕ್ಷೇಮ ವಿಚಾರಿಸಿ ನಗುನಗುತ್ತಾ ಬರುತ್ತಾರೆ, ಚೌಡಪ್ಪನ ಹೆಸರನ್ನೇ ಎತ್ತುವುದಿಲ್ಲ ಎಂದಾಗ, ತಮ್ಮನನ್ನು ತಡೆದದ್ದಕ್ಕೆ ಅವಳು ತನ್ನನ್ನೇ ಬೈದುಕೊಂಡಳು.

ಮಗ ಕೋಲೂರಿಕೊಂಡು ಬಸ್ಸಿಳಿದ ದಿನ ನಿಜ ತಿಳಿಯಿತು. ಈರಭದ್ರಪ್ಪನವರು ಅವನನ್ನೂ ಒಂದು ದಿನ ಆ ಮನೆಗೆ ಕರೆದೊಯ್ದಿದ್ದರಂತೆ. ಕಾಫಿ ಬಂತು. ಇವರು ಬಟ್ಟಲನ್ನು ಮುಂದಿಟ್ಟುಕೊಂಡು, ಮುಟ್ಟದೆ ಕೂತರು. ಅತಿಥಿ ಕಾಫಿ ಮುಟ್ಟದಿದ್ದರೆ ಏನನ್ನೋ ಬೇಡಲು ಬಂದಿದ್ದಾನೆಂದು ಆ ಜನರಲ್ಲಿ ಅರ್ಥ. ನಡೆಸಿಕೊಡುತ್ತೇನೆಂದು ಹೇಳಿ ಕುಡಿಸದಿದ್ದರೆ ಮನೆಯವನಿಗೇ ಅವಮಾನ. "ಈ ಹುಡುಗನ ತಾಯಿ ಕಾಯ್ತಿದ್ದಾಳೆ" ಎಂದಷ್ಟೇ ಇವರು ಹೇಳಿದ್ದು. ಯಜಮಾನ ಪಾಸ್‌ಪೋರ್ಟ್ ತರಿಸಿದ. ಇವರು ಕಾಫಿ ಕುಡಿದರು.

ಮುಂದಿನ ರಜೆಯಲ್ಲಿ ಚೌಡಪ್ಪನ ಕಾಲು ನೋಡಲು ಬಂದು ಮತ್ತೆ ಅಂಗಳದಲ್ಲೇ ನಿಂತರು. ಕಣ್ಣೊರೆಸಿಕೊಳ್ಳುತ್ತಾ ದುರ್ಗಮ್ಮ ಹೊಸ ಲೋಟದಲ್ಲಿ ಕಾಫಿ ತಂದು ಜಗುಲಿಯ ಮೇಲಿಟ್ಟಳು. ಮಳೆಯ ಮಾತಾಯಿತು, ಬೆಳೆಯ ಮಾತಾಯಿತು; ಕಾಫಿ ಕೆನೆಗಟ್ಟಿತು.

"ಏನ್ ಬೇಡಾಕ್ ಬಂದಿದ್ದೀರಾ ಸ್ವಾಮಿ? ಕೇಳ್ರಿ, ಕೊಟ್ಟೆ ಅಂದ್ಕಳಿ. ಕುಡೀರಿ."

ಈರಭದ್ರಪ್ಪನವರು ಕೋಟಿನ ಗುಂಡಿ ಹಾಕಿಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಿಟ್ಟರು.

ಇಂಥ ಸಜ್ಜನರು ನಮ್ಮಲ್ಲಿ ಕಡಿಮೆಯಿಲ್ಲ. ಪರನಾಡಿನ ರೀತಿನೀತಿಗಳನ್ನು ಗೌರವದಿಂದ ಕಲಿತು, ದನಿಯೆತ್ತದೆ ಜೀವ ಉಳಿಸಿಕೊಡುತ್ತಾರೆ. ಅವರ ಋಣ ತೀರಿಸಲಾಗದು. ಆದರೆ ಅವರು ಉಳಿಸಿಕೊಟ್ಟ ಮಗನ ತಾಯಿಗೇ ಅವರನ್ನು ನಂಬಲು ಆಗುವುದಿಲ್ಲ, ಮತ್ತು ಅವಳದು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ.