ಅಳಿಸಿ ಬಳಸಿದ ಟೇಪು

"ಇದೂ ಕೊನೇ ಸಿನಿಮಾದ್ದೇ ಸಾರ್," ಎಂದು ಕಿವಿಯಣ್ಣ ಹೆಡ್‌ಫೋನ್ ಕೆಳಗಿಟ್ಟ. ಕಂಪನಿಯ ಐದೂ ಚಿತ್ರಗಳ ಸದ್ದು ಹಿಡಿದವನಿಗೆ ಬಿದ್ದ ಅಡ್ಡಹೆಸರು ಅದು. ಬೆಳಗ್ಗಿನಿಂದ ಹತ್ತೊಂಬತ್ತು ಟೇಪು ಕೇಳಿದ್ದ. ಉಳಿದದ್ದು ಒಂದೇ.

ನಿರ್ದೇಶಕ ಆ ಟೇಪನ್ನು ಮುಂದಕ್ಕೆ ಸರಿಸಿದ. ನಾಳೆ ಆಫೀಸು ಖಾಲಿ ಮಾಡಬೇಕು. ಎಡಿಟಿಂಗ್ ಮೇಜು ಆಗಲೇ ಹೋಗಿತ್ತು. ಅದಿದ್ದ ಕಡೆ ನೆಲ ಬೆಳ್ಳಗೆ ಕಾಣುತ್ತಿತ್ತು. ಮೂಲೆಯ ಕುರ್ಚಿಯಲ್ಲಿ ಅವನ ಹೆಂಡತಿ ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು ಕೂತಿದ್ದಳು. ಗಡ್ಡೆಯ ಜೊತೆ ಡಾಕ್ಟರು ಧ್ವನಿಪೆಟ್ಟಿಗೆಯನ್ನೂ ತೆಗೆದು ಎರಡು ತಿಂಗಳಾಗಿತ್ತು. ಅವಳ ಮಾತೆಲ್ಲ ಈಗ ಚೀಟಿಯಲ್ಲೇ. ಮೊನ್ನೆ ಬರೆದುಕೊಟ್ಟಿದ್ದಳು: 'ಆಫೀಸು ಬಿಡೋ ಮೊದಲು ನನ್ನ ದನಿ ಒಂದ್ಸಲ ಕೇಳಿಸಿ.'

ಅದೇನು ಮಹಾ ಎಂದುಕೊಂಡಿದ್ದ ಅವನು. ಊಟದ ಮೇಜಿನ ಮೇಲೆ ಶುರುವಾದ ಕಂಪನಿಗೆ ಹೆಂಡತಿಯ ಹೆಸರನ್ನೇ ಇಟ್ಟಿದ್ದ; ಮೊದಲ ನಾಲ್ಕು ಚಿತ್ರಕ್ಕೂ ಅವಳೇ ನಾಯಕಿ. ಆದರೆ ನಾಲ್ಕರಲ್ಲೂ ಅವಳ ತುಟಿಗೆ ಮಾತು ಕೊಟ್ಟವಳು ಬೇರೆಯವಳು. ಒರಟು ದನಿ, ಪರದೆಗೆ ಒಪ್ಪುವುದಿಲ್ಲ ಎಂದು ಅವನೇ ತೀರ್ಮಾನಿಸಿದ್ದ. ಚಿತ್ರೀಕರಣದಲ್ಲಿ ಹಿಡಿದ ಸದ್ದೇನಿದ್ದರೂ ಡಬ್ಬಿಂಗಿಗೆ ದಾರಿ ತೋರಿಸುವುದಕ್ಕೆ ಮಾತ್ರ. ಆಮೇಲೆ ಅದೇ ಟೇಪನ್ನು ಅಳಿಸಿ ಮುಂದಿನ ಚಿತ್ರಕ್ಕೆ ಬಳಸುವುದು ಕಂಪನಿಯ ಪದ್ಧತಿ. ಈ ಜಾಣತನವನ್ನು ಅವನು ಸಂದರ್ಶನಗಳಲ್ಲಿ ಎದೆಯುಬ್ಬಿಸಿ ಹೇಳಿಕೊಂಡಿದ್ದೂ ಉಂಟು. ಐದನೆಯದರ ಹೊತ್ತಿಗೆ ಅವಳು ಆಸ್ಪತ್ರೆಗೆ ಅಲೆಯುತ್ತಿದ್ದಳು. ಬೇರೆ ಹುಡುಗಿ ನಾಯಕಿಯಾಗಿ ಬಂದಳು, ಚಿತ್ರ ನೆಲಕಚ್ಚಿತು, ಹಿಂದೆಯೇ ಕಂಪನಿಯೂ. ಮನೆಯ ಟೇಪ್ ರೆಕಾರ್ಡರಿನಲ್ಲಾದರೂ ಏನಿತ್ತು? ಅವನು ಗಟ್ಟಿಯಾಗಿ ಓದಿದ ಚಿತ್ರಕಥೆಗಳು. ದೀಪದ ಬುಡ ಕತ್ತಲೆ ಅನ್ನುವುದು ಸುಮ್ಮನೆಯೇ?

"ಒಂದ್ ಟೇಪ್ ಎತ್ತಿಟ್ಟಿದ್ರೆ ಇವರಪ್ಪನ ಗಂಟೇನ್ ಹೋಗ್ತಿತ್ತು ಅತ್ತಿಗೆ?" ಎಂದ ಕಿವಿಯಣ್ಣ.

ಅವಳು ಚೀಟಿ ಗೀಚಿ ತೋರಿಸಿದಳು: 'ಇವರ ಕೂಗಾಟ ಮಾತ್ರ ಎಲ್ಲದರಲ್ಲೂ ಇದೆಯಲ್ಲ!' ನಕ್ಕಳು ಕೂಡ. ಹೆಗಲು ಕುಲುಕಿತು, ಸದ್ದು ಬರಲಿಲ್ಲ. ನಿರ್ದೇಶಕನಿಗೆ ಅಲ್ಲಿಂದ ಎದ್ದು ಓಡಿಹೋಗಬೇಕೆನ್ನಿಸಿತು.

ಕೊನೆಯ ಟೇಪಿಗೆ ಕಿವಿಯಣ್ಣ ಸ್ಪೀಕರನ್ನೇ ಹಚ್ಚಿದ. ಹೊಸ ಹುಡುಗಿಯ ಮಾತು, ಯಾರೋ ಕೆಮ್ಮಿದ್ದು, ಮತ್ತೆ ಆ ಹುಡುಗಿಯೇ. ಅರ್ಧ ಗಂಟೆ ಹೀಗೇ ಹೋಯಿತು. ಟೇಪಿನ ತುದಿ ಬರುವಷ್ಟರಲ್ಲಿ ಸದ್ದು ಬದಲಾಯಿತು.

"ಇದು ನಾಲ್ಕನೇದು!" ಎಂದು ಕಿವಿಯಣ್ಣ ನೆಟ್ಟಗೆ ಕೂತ. "ತುದೀಲಿ ಅಳಿಸದೆ ಉಳ್ಕೊಂಡಿದೆ."

ಮೊದಲು ನಿರ್ದೇಶಕನ ದನಿ ಬಂತು. "ನಿನ್ ದನಿ ಬಗ್ಗೆ ತಲೆ ಕೆಡಿಸ್ಕೋಬೇಡ. ಹೇಗಿದ್ರೂ ಅದನ್ನ ತೆಗೆದುಹಾಕ್ತೀವಿ."

ಆಮೇಲೆ ಒರಟಾದ, ಬೆಚ್ಚಗಿನ ಇನ್ನೊಂದು ದನಿ: "ಅಲ್ಲ ರೀ, ಈ ಸಲ ನಾನೇ..."

"ಟೈಮಿಲ್ಲ, ಟೈಮಿಲ್ಲ. ಕ್ಯಾಮೆರಾ!"

ಟೇಪು ಮುಗಿದು ತುದಿ ಪಟಪಟನೆ ಬಡಿಯತೊಡಗಿತು. ಕಿವಿಯಣ್ಣ ಯಾರ ಮುಖವನ್ನೂ ನೋಡದೆ ಎದ್ದು ಹೊರಗೆ ಹೋದ.

ಅವಳು ಚೀಟಿಗೆ ಕೈ ಹಾಕಲಿಲ್ಲ. ತೋರುಬೆರಳನ್ನು ಗಾಳಿಯಲ್ಲಿ ಹಿಂದಕ್ಕೆ ತಿರುಗಿಸಿದಳು. ನಿರ್ದೇಶಕ ಟೇಪನ್ನು ಹಿಂದಕ್ಕೆ ಸುತ್ತಿ ಗುಂಡಿ ಒತ್ತಿದ. ಮೊದಲು ಅವನ ಮಾತು ಬಂತು, ಆಮೇಲೆ ಅವಳದು.

ಅವಳು ಕಣ್ಣು ಮುಚ್ಚಿಕೊಂಡೇ ಮತ್ತೆ ಬೆರಳು ತಿರುಗಿಸಿದಳು.